ಮಕ್ಕಳ ರಕ್ಷಣೆಯ ಮಸೂದೆಯನ್ನು ಓದಿ ಅಭಿಪ್ರಾಯ ಬರೆಯುವ ಬಗೆ

ಮಕ್ಕಳನ್ನು ಲೈಂಗಿಕ ಶೋಷಣೆಯಿಂದ ಕಾಪಾಡಲೆಂದು ಸರ್ಕಾರವೊಂದು ಹೊಸ ಮಸೂದೆಯ ಕರಡನ್ನು ಪ್ರಕಟಿಸಿದಾಗ ಚರ್ಚೆ ಬಹುಬೇಗ ಎರಡು ಪಾಳಯಗಳಾಗಿ ಒಡೆಯುತ್ತದೆ. ಆಕ್ಷೇಪ ಎತ್ತಿದವರೆಲ್ಲ ಮಕ್ಕಳ ಹಿತಕ್ಕೆ ವಿರೋಧಿಗಳೆಂದು ಒಂದು ಕಡೆಯವರು ಭಾವಿಸಿದರೆ, ಕರಡಿನ ಪ್ರತಿ ಸಾಲಿನಲ್ಲೂ ಇನ್ನೊಂದು ಕಡೆಯವರಿಗೆ ಸೆನ್ಸಾರ್ ಕತ್ತರಿಯೇ ಕಾಣುತ್ತದೆ. ಕರಡನ್ನು ಕೊನೆಯವರೆಗೆ ಓದಿದವರು ಎರಡೂ ಕಡೆಗಳಲ್ಲಿ ಕಡಿಮೆ. ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಉತ್ತರ ಬರೆಯಬೇಕೆಂದುಕೊಳ್ಳುವ ಶಿಕ್ಷಕರು, ಪತ್ರಕರ್ತರು, ವಕೀಲರು, ಪೋಷಕರು ಅಂಥ ಕರಡನ್ನು ಯಾವ ಕ್ರಮದಲ್ಲಿ ಓದಬೇಕು, ಏನನ್ನು ಪ್ರಶ್ನಿಸಬೇಕು, ಕೊನೆಗೆ ಏನು ಬರೆದು ಕಳುಹಿಸಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ನನ್ನ ನಿಲುವನ್ನು ಮೊದಲೇ ಹೇಳುವುದು ಒಳ್ಳೆಯದು: ಮಗುವಿನ ಮೇಲಿನ ದೌರ್ಜನ್ಯದ ಚಿತ್ರವನ್ನು ಒಂದು ತಟ್ಟೆಯಲ್ಲೂ ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಇನ್ನೊಂದರಲ್ಲೂ ಇಟ್ಟು ತೂಗುವ ಅಗತ್ಯವೇ ಇಲ್ಲ. ತೂಗಬೇಕಾದದ್ದು ಆ ಚಿತ್ರವನ್ನು ತಡೆಯಲು ಕಾನೂನು ಆರಿಸಿಕೊಂಡ ಸಾಧನವನ್ನು.

ಅಪರಾಧವನ್ನು ಮಾತಿನಿಂದ ಬೇರ್ಪಡಿಸಿ

ಕರಡು ನಿಷೇಧಿಸುವ ಎಲ್ಲವನ್ನೂ ಎರಡು ಪಟ್ಟಿಗಳಾಗಿ ಬರೆದುಕೊಳ್ಳಿ. ನಿಜವಾದ ಮಗುವೊಂದು ಶೋಷಣೆಗೆ ಒಳಗಾಗದೆ ಹುಟ್ಟಲು ಸಾಧ್ಯವೇ ಇಲ್ಲದ ಚಿತ್ರ, ವಿಡಿಯೊಗಳು ಮೊದಲ ಪಟ್ಟಿಗೆ ಸೇರಲಿ. ಮಕ್ಕಳಿಗೆ ಅಪಾಯ ತರಬಹುದೆಂದು ಕರಡು ಶಂಕಿಸುವ ಬರಹ, ಸಂಭಾಷಣೆ, ರೇಖಾಚಿತ್ರ, ಮಾಹಿತಿಗಳು ಎರಡನೆಯದಕ್ಕೆ ಸೇರಲಿ. ಈ ಗೆರೆಯನ್ನು ಸ್ಪಷ್ಟವಾಗಿ ಎಳೆದದ್ದು ಅಮೆರಿಕದ ಸುಪ್ರೀಂ ಕೋರ್ಟ್, 1982ರ ನ್ಯೂಯಾರ್ಕ್ ವಿರುದ್ಧ ಫರ್ಬರ್ ಮೊಕದ್ದಮೆಯಲ್ಲಿ. ವಾಕ್ ಸ್ವಾತಂತ್ರ್ಯದ ವಿಷಯದಲ್ಲಿ ಬಹಳ ಉದಾರವೆಂದು ಹೆಸರಾದ ಆ ನ್ಯಾಯಾಲಯವೇ, ಮಕ್ಕಳನ್ನು ಬಳಸಿಕೊಂಡು ತಯಾರಿಸಿದ ಲೈಂಗಿಕ ಚಿತ್ರಗಳು ಅಶ್ಲೀಲತೆಯ ಸಾಮಾನ್ಯ ಅಳತೆಗೆ ಸಿಗದಿದ್ದರೂ ಸಂವಿಧಾನದ ರಕ್ಷಣೆಗೆ ಅರ್ಹವಲ್ಲವೆಂದು ಸಾರಿತು. ಅಂಥ ಚಿತ್ರ ದೌರ್ಜನ್ಯದ ಅಳಿಸಲಾಗದ ದಾಖಲೆ, ಅದು ಕೈಯಿಂದ ಕೈಗೆ ಹೋದಷ್ಟೂ ಮಗುವಿನ ಹಾನಿ ಬೆಳೆಯುತ್ತದೆ, ಮಾರಾಟದ ದಾರಿಯನ್ನು ಮುಚ್ಚದೆ ತಯಾರಿಕೆಯನ್ನು ನಿಲ್ಲಿಸಲಾಗದು ಎಂಬುದು ಅದರ ತರ್ಕವಾಗಿತ್ತು. ಮನೆಯೊಳಗೆ ಇಟ್ಟುಕೊಳ್ಳುವುದನ್ನೂ ಶಿಕ್ಷಿಸಬಹುದೆಂದು 1990ರ ಓಸ್ಬಾರ್ನ್ ತೀರ್ಪು ಹೇಳಿತು. 2014ರ ಪ್ಯಾರೊಲೈನ್ ತೀರ್ಪು ಇನ್ನೂ ಮುಂದೆ ಹೋಗಿ, ಚಿತ್ರವನ್ನು ತಯಾರಿಸದೆ ಕೇವಲ ವಶದಲ್ಲಿಟ್ಟುಕೊಂಡವನೂ ಸಂತ್ರಸ್ತೆಗೆ ತನ್ನ ಪಾಲಿನ ಪರಿಹಾರ ಕೊಡಬೇಕೆಂದಿತು.

ಆದ್ದರಿಂದ ಮೊದಲ ಪಟ್ಟಿಯಲ್ಲಿರುವುದರ ಬಗ್ಗೆ ಅಭಿವ್ಯಕ್ತಿ ಸ್ವಾತಂತ್ರ್ಯದ ಹೆಸರಿನಲ್ಲಿ ಆಕ್ಷೇಪ ಬರೆಯಬೇಡಿ. ಹಾಗೆ ಬರೆಯುವುದು ತಪ್ಪು ಮಾತ್ರವಲ್ಲ, ನಿಮ್ಮ ಉಳಿದ ನ್ಯಾಯವಾದ ಆಕ್ಷೇಪಗಳ ಬಲವನ್ನೂ ಕುಂದಿಸುತ್ತದೆ. ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ: ತನಿಖಾಧಿಕಾರಿಗಳಿಗೆ ಸಾಕಷ್ಟು ಹಣ ಮತ್ತು ತರಬೇತಿ ಇದೆಯೇ, ಚಿತ್ರದಲ್ಲಿರುವ ಮಗುವನ್ನು ಗುರುತಿಸಿ ರಕ್ಷಿಸುವ ಹೊಣೆ ಯಾರದು, ಬೆಳೆದು ದೊಡ್ಡವರಾದ ಸಂತ್ರಸ್ತರಿಗೆ ಆ ಚಿತ್ರಗಳನ್ನು ತೆಗೆಸುವ ದಾರಿ ಇದೆಯೇ. ಮುಂದಿನ ಹಂತಗಳೆಲ್ಲ ಎರಡನೆಯ ಪಟ್ಟಿಗೆ ಮತ್ತು ಎರಡು ಪಟ್ಟಿಗಳ ನಡುವಿನ ಅಂಚಿಗೆ ಸಂಬಂಧಿಸಿದವು.

ವ್ಯಾಖ್ಯೆಗಳ ಕಲಮನ್ನು ಎಲ್ಲಕ್ಕಿಂತ ಮೊದಲು ಓದಿ

ಕರಡಿನ ಪೀಠಿಕೆಯಲ್ಲಿ ಉದ್ದೇಶ ಎಷ್ಟೇ ಉದಾತ್ತವಾಗಿದ್ದರೂ ಕಾನೂನಿನ ನಿಜವಾದ ವ್ಯಾಪ್ತಿ ನಿರ್ಧಾರವಾಗುವುದು ವ್ಯಾಖ್ಯೆಗಳಲ್ಲಿ. ‘ಅಸಭ್ಯ’, ‘ಆಕ್ಷೇಪಾರ್ಹ’, ‘ಹಾನಿಕರ’ ಎಂಬಂಥ ಪದಗಳು ವಿವರಣೆಯಿಲ್ಲದೆ ಬಂದರೆ ಅಲ್ಲಿ ಗುರುತು ಹಾಕಿ. ಅಮೆರಿಕದ 1996ರ ಸಂವಹನ ಸಭ್ಯತಾ ಕಾಯ್ದೆಯಲ್ಲಿ ಇಂಥ ಪದಗಳಿದ್ದವು. ಹದಿನೇಳು ವರ್ಷದ ಕಾಲೇಜು ವಿದ್ಯಾರ್ಥಿಗೆ ಅವನ ತಂದೆಯೋ ತಾಯಿಯೋ ಗರ್ಭನಿರೋಧದ ಮಾಹಿತಿಯನ್ನು ಇಮೇಲ್ ಮಾಡಿದರೂ ಜೈಲಿಗೆ ಹೋಗಬೇಕಾದ ಸಂದರ್ಭ ಈ ಕಾಯ್ದೆಯಿಂದ ಬರಬಹುದೆಂದು 1997ರ ರೀನೊ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಎತ್ತಿ ತೋರಿಸಿ, ಆ ಭಾಗಗಳನ್ನು ರದ್ದುಪಡಿಸಿತು. ಭಾರತದ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ‘ಆಕ್ಷೇಪಾರ್ಹ’ ಆನ್‌ಲೈನ್ ಸಂದೇಶಗಳನ್ನು ಶಿಕ್ಷಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ನನ್ನು ತೆಗೆದುಹಾಕಿದ್ದಕ್ಕೂ ಪದಗಳ ಅಸ್ಪಷ್ಟತೆ ಒಂದು ಮುಖ್ಯ ಕಾರಣವಾಗಿತ್ತು. ಆದರೆ ಮಕ್ಕಳ ಲೈಂಗಿಕ ಚಿತ್ರಣವನ್ನು ಶಿಕ್ಷಿಸುವ ಅದೇ ಕಾಯ್ದೆಯ 67ಬಿ ಸೆಕ್ಷನ್ ಹಾಗೆಯೇ ಉಳಿದಿದೆ. ಅದು ಯಾವ ಕೃತ್ಯಗಳು ಅಪರಾಧವೆಂಬುದನ್ನು ಒಂದೊಂದಾಗಿ ಹೇಳುತ್ತದೆ, ವಿಜ್ಞಾನ, ಸಾಹಿತ್ಯ, ಕಲೆ, ಕಲಿಕೆಗಳಿಗಾಗಿ ಇರುವ ಕೃತಿಗಳಿಗೆ ವಿನಾಯಿತಿಯನ್ನೂ ಕೊಡುತ್ತದೆ. ಕರಡು ಓದುವವರು ಈ ಎರಡು ಸೆಕ್ಷನ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಎಂಥ ಭಾಷೆ ಬೇಕು, ಎಂಥದ್ದು ಬೇಡ ಎಂಬುದು ಬೇಗ ತಿಳಿಯುತ್ತದೆ.

ವ್ಯಾಖ್ಯೆಯನ್ನು ಪರೀಕ್ಷಿಸಲು ನಾನು ಸೂಚಿಸುವ ವಿಧಾನ ಸರಳವಾಗಿದೆ. ಅಂಚಿನಲ್ಲಿ ನಿಲ್ಲುವ ಕೆಲವು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಪ್ರತಿಯೊಂದಕ್ಕೂ ಕರಡಿನ ಪದಗಳು ಅನ್ವಯಿಸುತ್ತವೆಯೇ ಎಂದು ಅಕ್ಷರಶಃ ಓದಿ ನೋಡಿ. ಹದಿಹರೆಯದವರಿಗಾಗಿ ಬರೆದ ಲೈಂಗಿಕ ಶಿಕ್ಷಣದ ಪಠ್ಯ, ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾದವರು ಬರೆದ ಆತ್ಮಕಥೆ, ವೈದ್ಯರಿಗೆ ತೋರಿಸಲೆಂದು ಪೋಷಕರು ತೆಗೆದ ಮಗುವಿನ ದೇಹದ ಫೋಟೊ, ಯುದ್ಧದ ದಾಖಲೆಯಾದ ಚಿತ್ರ, ಒಂದೇ ವಯಸ್ಸಿನ ಇಬ್ಬರು ಹದಿಹರೆಯದವರು ತಮ್ಮೊಳಗೇ ಇಟ್ಟುಕೊಂಡ ಸಂದೇಶ: ಇವಿಷ್ಟಾದರೂ ಆ ಹಾಳೆಯಲ್ಲಿರಬೇಕು. ಇವು ಕಲ್ಪನೆಯ ಭಯಗಳಲ್ಲ. ನೇಪಾಮ್ ದಾಳಿಯಿಂದ ಸುಟ್ಟ ಮೈಯಲ್ಲಿ ಬೆತ್ತಲೆಯಾಗಿ ಓಡಿಬರುತ್ತಿರುವ ವಿಯೆಟ್ನಾಂ ಬಾಲಕಿಯ 1972ರ ಜಗತ್ಪ್ರಸಿದ್ಧ ಚಿತ್ರವನ್ನು 2016ರಲ್ಲಿ ಫೇಸ್‌ಬುಕ್ ಅಳಿಸಿಹಾಕಿತು. ನಾರ್ವೆಯ ಆಗಿನ ಪ್ರಧಾನಿ ಎರ್ನಾ ಸೋಲ್‌ಬರ್ಗ್ ಹಂಚಿಕೊಂಡ ಪ್ರತಿಯನ್ನೂ ತೆಗೆದ ಮೇಲೆ ಎದ್ದ ಪ್ರತಿಭಟನೆಯಿಂದ ನಿರ್ಧಾರವನ್ನು ಹಿಂದಕ್ಕೆ ಪಡೆಯಿತು. ಕೆನಡಾದ ಸುಪ್ರೀಂ ಕೋರ್ಟ್ 2001ರ ಶಾರ್ಪ್ ತೀರ್ಪಿನಲ್ಲಿ ಇಂಥ ಅಂಚುಗಳನ್ನು ತಾಳ್ಮೆಯಿಂದ ಬಿಡಿಸಿದೆ. ವಶದಲ್ಲಿಟ್ಟುಕೊಳ್ಳುವುದನ್ನು ಶಿಕ್ಷಿಸುವ ಕಾನೂನನ್ನು ಅದು ಎತ್ತಿಹಿಡಿಯಿತು, ಆದರೆ ವ್ಯಕ್ತಿಯೊಬ್ಬ ತಾನೇ ಬರೆದು ಅಥವಾ ಚಿತ್ರಿಸಿ ತನ್ನ ಬಳಿಯೇ ಇಟ್ಟುಕೊಂಡದ್ದಕ್ಕೂ, ಕಾನೂನುಬದ್ಧ ಸಂಬಂಧದಲ್ಲಿರುವವರು ತಮಗಾಗಿ ಮಾತ್ರ ಮಾಡಿಕೊಂಡ ದಾಖಲೆಗೂ ವಿನಾಯಿತಿ ಇದೆಯೆಂದು ಕಾನೂನನ್ನು ಅರ್ಥೈಸಿತು. ಕಾನೂನನ್ನು ಪೂರ್ತಿ ಕೆಡವದೆ ಅದರ ಅತಿರೇಕವನ್ನಷ್ಟೇ ಕತ್ತರಿಸಲು ಸಾಧ್ಯ ಎಂಬುದಕ್ಕೆ ನಿಮ್ಮ ಪತ್ರದಲ್ಲಿ ಉಲ್ಲೇಖಿಸಲು ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ.

ಕಂಪ್ಯೂಟರ್‌ನಿಂದ ತಯಾರಾದ ಚಿತ್ರಗಳ ಪ್ರಶ್ನೆ ಪ್ರತ್ಯೇಕ ಗಮನ ಬೇಡುತ್ತದೆ. 2002ರಲ್ಲಿ ಆಶ್‌ಕ್ರಾಫ್ಟ್ ವಿರುದ್ಧ ಫ್ರೀ ಸ್ಪೀಚ್ ಕೊಯಲಿಷನ್ ತೀರ್ಪಿನಲ್ಲಿ, ಯಾವ ಮಗುವೂ ಭಾಗಿಯಾಗದೆ ತಯಾರಾದ ಚಿತ್ರವನ್ನು ‘ಮಗುವಿನಂತೆ ಕಾಣುತ್ತದೆ’ ಎಂಬ ಕಾರಣಕ್ಕೆ ನಿಷೇಧಿಸಲಾಗದು ಎಂದು ಅಮೆರಿಕದ ನ್ಯಾಯಾಲಯ ಹೇಳಿತು, ಆದರೆ ನಿಜವಾದ ಮಗುವಿನ ಮುಖವನ್ನು ಇನ್ನೊಂದು ಚಿತ್ರಕ್ಕೆ ಜೋಡಿಸುವುದನ್ನು ಶಿಕ್ಷಿಸುವ ಭಾಗವನ್ನು ಮುಟ್ಟಲಿಲ್ಲ. ಭಾರತದ ಪೋಕ್ಸೊ ಕಾಯ್ದೆ ಬೇರೆ ದಾರಿ ಹಿಡಿಯಿತು: 2019ರ ತಿದ್ದುಪಡಿಯಲ್ಲಿ, ನಿಜವಾದ ಮಗುವಿನಿಂದ ಬೇರೆಯೆಂದು ಗುರುತಿಸಲಾಗದ ಕಂಪ್ಯೂಟರ್ ಚಿತ್ರವನ್ನೂ ವ್ಯಾಖ್ಯೆಯೊಳಗೆ ತಂದಿತು. 2002ರ ತರ್ಕ ಇಂದಿನ ಕೃತಕ ಬುದ್ಧಿಮತ್ತೆಯ ಕಾಲಕ್ಕೆ ಹಾಗೆಯೇ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಚಿತ್ರ ತಯಾರಿಸುವ ತಂತ್ರಾಂಶಗಳನ್ನು ತರಬೇತುಗೊಳಿಸಲು ಬಳಸಿದ ಲಾಯನ್-5ಬಿ ಎಂಬ ಬೃಹತ್ ದತ್ತಸಂಚಯದಲ್ಲಿ ನಿಜವಾದ ಮಕ್ಕಳ ದೌರ್ಜನ್ಯದ ಸಾವಿರಕ್ಕೂ ಹೆಚ್ಚು ಚಿತ್ರಗಳಿದ್ದುದನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರ ಡಿಸೆಂಬರ್‌ನಲ್ಲಿ ಪತ್ತೆಹಚ್ಚಿದರು. ‘ಇದರಲ್ಲಿ ಯಾವ ಮಗುವೂ ಇಲ್ಲ’ ಎಂಬ ಮಾತನ್ನು ಇನ್ನು ಮುಂದೆ ಸುಲಭವಾಗಿ ಒಪ್ಪಲಾಗದು. ನಿಮ್ಮ ಕರಡು ಇಂಥ ನೈಜವೆಂಬಂತೆ ಕಾಣುವ ಚಿತ್ರಗಳನ್ನು ನಿಷೇಧಿಸಿದರೆ ಬೆಂಬಲಿಸಿ. ಅದೇ ಕಲಮಿನೊಳಗೆ ಕೈಯಿಂದ ಬಿಡಿಸಿದ ರೇಖಾಚಿತ್ರ, ಕಾದಂಬರಿ, ನಾಟಕಗಳನ್ನೂ ಸೇರಿಸಿದ್ದರೆ ಅವನ್ನು ಬೇರ್ಪಡಿಸುವಂತೆ ಕೇಳಿ.

ಅರಿವು ಮತ್ತು ಉದ್ದೇಶ ಎಲ್ಲಿದೆ ಎಂದು ಹುಡುಕಿ

‘ತಿಳಿದೂ’, ‘ಉದ್ದೇಶಪೂರ್ವಕವಾಗಿ’ ಎಂಬ ಪದಗಳು ಶಿಕ್ಷೆಯ ಕಲಮುಗಳಲ್ಲಿ ಇವೆಯೇ ನೋಡಿ. ಪುಸ್ತಕದೊಳಗೆ ಏನಿದೆಯೆಂದು ಗೊತ್ತಿಲ್ಲದ ಮಾರಾಟಗಾರನನ್ನೂ ಶಿಕ್ಷಿಸಿದರೆ ಅವನು ತಾನು ಓದಿ ಮುಗಿಸಿದ ಪುಸ್ತಕಗಳನ್ನು ಮಾತ್ರ ಮಾರುತ್ತಾನೆ, ಓದುಗರಿಗೆ ಉಳಿದವು ಸಿಗುವುದೇ ಇಲ್ಲ ಎಂಬ ಕಾರಣಕ್ಕೆ ಅಮೆರಿಕದ ಸುಪ್ರೀಂ ಕೋರ್ಟಿನ 1959ರ ಸ್ಮಿತ್ ತೀರ್ಪು ಅರಿವಿನ ಷರತ್ತನ್ನು ಅಗತ್ಯವೆಂದಿತು. ಹಾಗೆಂದು ಅರಿವಿನ ಷರತ್ತು ಅಪರಾಧಿಗಳಿಗೆ ನುಸುಳುಕಂಡಿಯಾಗಬಾರದು. ಭಾರತದ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ ಪೋಕ್ಸೊ ಕಾಯ್ದೆಯ 15ನೇ ಸೆಕ್ಷನ್ನನ್ನು ವಿವರಿಸುತ್ತ, ತನ್ನ ಹತೋಟಿಯಲ್ಲಿರುವ ಅಂಥ ವಿಡಿಯೊವನ್ನು ಇಳಿಸಿಕೊಳ್ಳದೆ ನೋಡುವುದೂ ವಶದಲ್ಲಿಟ್ಟುಕೊಂಡಂತೆ ಆಗಬಹುದೆಂದು, ಉದ್ದೇಶವನ್ನು ಸನ್ನಿವೇಶಗಳಿಂದ ಊಹಿಸಬಹುದೆಂದು ಹೇಳಿದೆ.

ಸಾಧನವನ್ನು ತೂಗಿ: ಯಾರು ನಿರ್ಧರಿಸುತ್ತಾರೆ, ಯಾವುದರಿಂದ ಹುಡುಕುತ್ತಾರೆ

ವ್ಯಾಖ್ಯೆ ಸರಿಯಾಗಿದ್ದರೂ ಜಾರಿಯ ವಿಧಾನ ಕೆಟ್ಟದ್ದಾಗಿರಬಹುದು, ಮತ್ತು ಹೆಚ್ಚಿನ ಓದುಗರು ದಣಿಯುವುದು ಈ ಭಾಗದಲ್ಲಿಯೇ. ಚಿತ್ರಗಳನ್ನು ತಂತ್ರಾಂಶದಿಂದ ಪತ್ತೆಹಚ್ಚಬೇಕೆಂದು ಕರಡು ಹೇಳಿದರೆ ಅದು ಯಾವ ಬಗೆಯ ಪತ್ತೆ ಎಂದು ಮೊದಲು ಕೇಳಿ. ಮೈಕ್ರೋಸಾಫ್ಟ್ ಮತ್ತು ಆಗ ಡಾರ್ಟ್‌ಮತ್ ಕಾಲೇಜಿನಲ್ಲಿದ್ದ ಸಂಶೋಧಕ ಹ್ಯಾನಿ ಫರೀದ್ ಸೇರಿ 2009ರಲ್ಲಿ ರೂಪಿಸಿದ ಫೋಟೊಡಿಎನ್‌ಎಯಂಥ ವ್ಯವಸ್ಥೆ, ಮನುಷ್ಯರು ಈಗಾಗಲೇ ನೋಡಿ ದೌರ್ಜನ್ಯವೆಂದು ದೃಢಪಡಿಸಿದ ಚಿತ್ರದಿಂದ ಹ್ಯಾಶ್ ಎಂಬ ಸಂಖ್ಯಾರೂಪದ ಬೆರಳಚ್ಚನ್ನು ತೆಗೆದು, ಹೊಸ ಚಿತ್ರಗಳನ್ನು ಅದರೊಂದಿಗೆ ಹೋಲಿಸುತ್ತದೆ. ಅಲ್ಲಿ ತಪ್ಪುಗಳು ಬಹಳ ಕಡಿಮೆ. ಇದುವರೆಗೆ ಯಾರೂ ನೋಡಿರದ ಚಿತ್ರವನ್ನು ಯಂತ್ರವೇ ನೋಡಿ ಇದು ದೌರ್ಜನ್ಯವೋ ಅಲ್ಲವೋ ಎಂದು ತೀರ್ಮಾನಿಸುವುದು ಬೇರೆಯೇ ಕೆಲಸ. ದಿನಕ್ಕೆ ನೂರು ಕೋಟಿ ಚಿತ್ರಗಳು ಹಾದುಹೋಗುವ ಸೇವೆಯೊಂದರಲ್ಲಿ ಯಂತ್ರ ಸಾವಿರಕ್ಕೆ ಒಂದರಂತೆ ಎಡವಿದರೂ ಪ್ರತಿದಿನ ಹತ್ತು ಲಕ್ಷ ಚಿತ್ರಗಳ ಮೇಲೆ ತಪ್ಪು ಶಂಕೆ ಬೀಳುತ್ತದೆ, ಮತ್ತು ಅವುಗಳ ರಾಶಿಯೊಳಗೆ ನಿಜವಾಗಿ ನೆರವು ಬೇಕಾದ ಮಗುವಿನ ಪ್ರಕರಣ ಹೂತುಹೋಗುತ್ತದೆ. 2021ರಲ್ಲಿ ಅಮೆರಿಕದ ತಂದೆಯೊಬ್ಬರು ವೈದ್ಯರಿಗೆ ಕಳುಹಿಸಲು ತೆಗೆದ ತಮ್ಮ ಪುಟ್ಟ ಮಗನ ಫೋಟೊವನ್ನು ಗೂಗಲ್‌ನ ಇಂಥ ತಂತ್ರಾಂಶ ಅಪರಾಧವೆಂದು ಗುರುತಿಸಿತು, ಅವರ ಖಾತೆಯನ್ನು ಮುಚ್ಚಲಾಯಿತು. ಪೊಲೀಸರು ತನಿಖೆ ಮಾಡಿ ಅಪರಾಧವಿಲ್ಲವೆಂದರೂ ಕಂಪನಿ ಅವರ ಖಾತೆಯನ್ನು ಮರಳಿಸಲಿಲ್ಲ. ಆದ್ದರಿಂದ ಮನುಷ್ಯರಿಂದ ಮರುಪರಿಶೀಲನೆ, ಕಾಲಮಿತಿಯೊಳಗಿನ ಮೇಲ್ಮನವಿ, ತಪ್ಪಾದರೆ ಖಾತೆಯ ಮರುಸ್ಥಾಪನೆ ಈ ಮೂರೂ ಕಾನೂನಿನ ಪಠ್ಯದಲ್ಲಿಯೇ ಇರಬೇಕೆಂದು ಒತ್ತಾಯಿಸಿ. ನಿಯಮಗಳಲ್ಲಿ ಮುಂದೆ ಸೇರಿಸುತ್ತೇವೆ ಎಂಬ ಭರವಸೆ ಸಾಲದು.

ಪತ್ತೆಯ ಹೊಣೆ ಗೂಢಲಿಪಿಯ (ಎನ್‌ಕ್ರಿಪ್ಷನ್) ರಕ್ಷಣೆಯಿರುವ ಖಾಸಗಿ ಸಂದೇಶಗಳಿಗೂ ವಿಸ್ತರಿಸಿದ್ದರೆ ಅದು ಇನ್ನಷ್ಟು ಗಂಭೀರ ವಿಷಯ. ಬಳಕೆದಾರರ ಫೋನಿನಲ್ಲಿಯೇ ಚಿತ್ರಗಳನ್ನು ಹೋಲಿಸಿ ನೋಡುವ ಯೋಜನೆಯನ್ನು ಆಪಲ್ 2021ರ ಆಗಸ್ಟ್‌ನಲ್ಲಿ ಪ್ರಕಟಿಸಿ 2022ರ ಡಿಸೆಂಬರ್‌ನಲ್ಲಿ ಕೈಬಿಟ್ಟಿತು. ಒಮ್ಮೆ ಅಂಥ ವ್ಯವಸ್ಥೆ ಫೋನಿನೊಳಗೆ ಬಂದರೆ, ಹೋಲಿಕೆಯ ಪಟ್ಟಿಗೆ ನಾಳೆ ರಾಜಕೀಯ ಚಿತ್ರವನ್ನು ಸೇರಿಸದಂತೆ ತಡೆಯುವುದು ಯಾವುದು ಎಂಬ ಭದ್ರತಾ ತಜ್ಞರ ಪ್ರಶ್ನೆ ಈಗಲೂ ಉತ್ತರ ಕಾಯುತ್ತಿದೆ. ಖಾಸಗಿ ಸಂದೇಶಗಳ ಮರೆಯಲ್ಲಿ ಮಕ್ಕಳ ಶೋಷಣೆ ನಡೆಯುತ್ತಿರುವುದೂ ಅಷ್ಟೇ ನಿಜ. ಅದನ್ನು ನಿಮ್ಮ ಪತ್ರ ಸ್ಪಷ್ಟವಾಗಿ ಒಪ್ಪಿಕೊಳ್ಳಬೇಕು. ಎಲ್ಲರ ಸಂದೇಶಗಳನ್ನೂ ಜಾಲಾಡುವ ಬದಲು, ಶಂಕೆಗೆ ಆಧಾರವಿರುವ ವ್ಯಕ್ತಿಯ ಸಾಧನವನ್ನು ನ್ಯಾಯಾಲಯದ ಆದೇಶದ ಮೇರೆಗೆ ಪರಿಶೀಲಿಸುವುದು, ಸಂದೇಶ ಪಡೆದ ಮಗುವೇ ಒಂದೇ ಒತ್ತಿನಲ್ಲಿ ದೂರು ಕೊಡುವ ಸೌಲಭ್ಯವನ್ನು ಕಡ್ಡಾಯ ಮಾಡುವುದು, ಅಪರಿಚಿತ ವಯಸ್ಕರು ಮಕ್ಕಳಿಗೆ ನೇರ ಸಂದೇಶ ಕಳುಹಿಸದಂತೆ ಆರಂಭದಿಂದಲೇ ತಡೆ ಇರಿಸುವುದು, ಇವನ್ನು ಪರ್ಯಾಯವಾಗಿ ಸೂಚಿಸಿ.

ತೆಗೆದುಹಾಕುವ ಆದೇಶ ಯಾರಿಂದ ಬರಬೇಕು ಎಂಬುದನ್ನೂ ನೋಡಿ. ಯಾರೋ ಒಬ್ಬರು ದೂರಿದೊಡನೆ ತೆಗೆಯದಿದ್ದರೆ ಭಾರಿ ದಂಡ, ತಪ್ಪಾಗಿ ತೆಗೆದರೆ ಏನೂ ಇಲ್ಲ ಎಂದಿದ್ದರೆ ಜಾಲತಾಣಗಳು ಎಲ್ಲವನ್ನೂ ತೆಗೆಯುತ್ತವೆ. ದೃಢಪಟ್ಟ ದೌರ್ಜನ್ಯದ ಚಿತ್ರಕ್ಕೆ ಕೆಲವೇ ಗಂಟೆಗಳ ಗಡುವು ನ್ಯಾಯವೇ ಸರಿ. ವಿವಾದಿತ ಬರಹಕ್ಕೆ ಅದೇ ಗಡುವನ್ನು ಹಾಕುವುದು ನ್ಯಾಯವಲ್ಲ.

ಲೈಂಗಿಕ ವಿಷಯದ ತಾಣಗಳಿಗೆ ಬರುವವರ ವಯಸ್ಸನ್ನು ದೃಢೀಕರಿಸುವ ಬಗ್ಗೆ ನ್ಯಾಯಾಲಯಗಳ ನಿಲುವೇ ಬದಲಾಗಿದೆ. 2004ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪೋಷಕರು ಅಳವಡಿಸುವ ಸೋಸುಕ (ಫಿಲ್ಟರ್) ತಂತ್ರಾಂಶ ಕಡಿಮೆ ನಿರ್ಬಂಧದ ದಾರಿಯಾಗಿರಬಹುದೆಂದು ಹೇಳಿ ಅಂಥ ಕಾನೂನೊಂದರ ಮೇಲಿದ್ದ ತಡೆಯಾಜ್ಞೆಯನ್ನು ಉಳಿಸಿತ್ತು. ಅದೇ ನ್ಯಾಯಾಲಯ 2025ರ ಜೂನ್ 27ರಂದು, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಲೈಂಗಿಕ ವಿಷಯವಿರುವ ತಾಣಗಳು ವಯಸ್ಸನ್ನು ಪರಿಶೀಲಿಸಬೇಕೆಂಬ ಟೆಕ್ಸಾಸ್ ಕಾನೂನನ್ನು ಆರು–ಮೂರರ ಬಹುಮತದಿಂದ ಎತ್ತಿಹಿಡಿಯಿತು. ಹೀಗಾಗಿ ‘ವಯಸ್ಸು ಕೇಳುವುದೇ ಸಂವಿಧಾನವಿರೋಧಿ’ ಎಂದು ಬರೆದರೆ ನಿಮ್ಮ ವಾದ ನಿಲ್ಲುವುದಿಲ್ಲ. ಸಂಗ್ರಹಿಸಿದ ಗುರುತಿನ ಚೀಟಿಗಳು ಏನಾಗುತ್ತವೆ ಎಂದು ಕೇಳಿ. ವಯಸ್ಸಿಗೆ ಸಂಬಂಧಿಸಿದ ಮೇಲ್ಮನವಿಗಳಿಗಾಗಿ ಸಲ್ಲಿಸಿದ್ದ ಸುಮಾರು 70,000 ಬಳಕೆದಾರರ ಗುರುತಿನ ಚೀಟಿಯ ಚಿತ್ರಗಳು ಹೊರಗುತ್ತಿಗೆ ಸಂಸ್ಥೆಯ ಮೂಲಕ ಸೋರಿಕೆಯಾಗಿರಬಹುದೆಂದು ಸಂವಾದ ತಾಣ ಡಿಸ್ಕಾರ್ಡ್ 2025ರ ಅಕ್ಟೋಬರ್‌ನಲ್ಲಿ ತಿಳಿಸಿತು. ಪರಿಶೀಲನೆ ಮುಗಿದೊಡನೆ ದಾಖಲೆಯನ್ನು ಅಳಿಸಬೇಕೆಂಬ ಕಲಮು ಕರಡಿನಲ್ಲಿ ಇಲ್ಲದಿದ್ದರೆ ಅದನ್ನು ಬರೆದು ಕೊಡಿ.

ಮಕ್ಕಳ ಮಾತಿಗೂ ಜಾಗವಿದೆಯೇ

ಅಭಿವ್ಯಕ್ತಿ ಸ್ವಾತಂತ್ರ್ಯವೆಂದರೆ ವಯಸ್ಕರದ್ದು, ರಕ್ಷಣೆ ಎಂದರೆ ಮಕ್ಕಳದ್ದು ಎಂಬ ಹಂಚಿಕೆಯೇ ಸರಿಯಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ 34ನೇ ವಿಧಿಯಲ್ಲಿ ಲೈಂಗಿಕ ಶೋಷಣೆಯಿಂದ ರಕ್ಷಣೆಯನ್ನು ಕೊಡುತ್ತದೆ, 13ನೇ ವಿಧಿಯಲ್ಲಿ ಮಗುವಿನ ಅಭಿವ್ಯಕ್ತಿಯ ಹಕ್ಕನ್ನೂ, 17ನೇ ವಿಧಿಯಲ್ಲಿ ಮಾಹಿತಿ ಪಡೆಯುವ ಹಕ್ಕನ್ನೂ ಕೊಡುತ್ತದೆ. ತನ್ನ ಮೇಲೆ ಆಗುತ್ತಿರುವುದು ದೌರ್ಜನ್ಯವೆಂದು ಮಗುವಿಗೆ ತಿಳಿಯಬೇಕಾದರೆ ದೇಹದ ಬಗ್ಗೆ, ಸಮ್ಮತಿಯ ಬಗ್ಗೆ ಓದಲು ಸಿಗಬೇಕು. ಅದನ್ನು ಹೇಳಿಕೊಳ್ಳಲು ಪದಗಳೂ ಬೇಕು, ಪದಗಳನ್ನು ಬಳಸುವ ಜಾಗವೂ ಬೇಕು. ಲೈಂಗಿಕ ಪದಗಳಿದ್ದ ಮಾತ್ರಕ್ಕೆ ಬರಹವನ್ನು ಮುಚ್ಚುವ ಕಾನೂನು, ಶೋಷಕನಿಗೆ ಅತ್ಯಂತ ಅನುಕೂಲವಾದ ಮೌನವನ್ನು ಕಾಪಾಡುತ್ತದೆ. ಈ ಕಾರಣದಿಂದ ಸಂತ್ರಸ್ತರ ಬರಹ, ಸಹಾಯವಾಣಿಗಳ ಮಾಹಿತಿ, ಆರೋಗ್ಯ ಶಿಕ್ಷಣಗಳಿಗೆ ಹೆಸರಿಸಿ ವಿನಾಯಿತಿ ಕೇಳುವುದು ನಿಮ್ಮ ಪತ್ರದ ಅತಿ ಮುಖ್ಯ ಭಾಗವಾಗಬಹುದು.

ವರದಿಗಾರಿಕೆಯಲ್ಲಿ ಪ್ರಶ್ನೆ ಸ್ವಲ್ಪ ಬೇರೆ. ಸಂತ್ರಸ್ತ ಮಗುವಿನ ಗುರುತನ್ನು ಮಾಧ್ಯಮಗಳು ಬಯಲು ಮಾಡಬಾರದೆಂಬ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್‌ನಂಥ ನಿರ್ಬಂಧವನ್ನು ನಾನು ಪೂರ್ಣವಾಗಿ ಬೆಂಬಲಿಸುತ್ತೇನೆ, ಏಕೆಂದರೆ ಅದು ಸುದ್ದಿಯನ್ನು ತಡೆಯದೆ ಗುರುತನ್ನಷ್ಟೇ ತಡೆಯುತ್ತದೆ. ಆದರೆ ಸಂತ್ರಸ್ತ ಮಗು ಸಾಕ್ಷಿ ಹೇಳುವಾಗ ವಿಚಾರಣೆಯ ಬಾಗಿಲನ್ನು ಎಲ್ಲ ಲೈಂಗಿಕ ಅಪರಾಧ ಪ್ರಕರಣಗಳಲ್ಲೂ ಕಡ್ಡಾಯವಾಗಿ ಮುಚ್ಚಬೇಕೆಂದಿದ್ದ ಮ್ಯಾಸಚೂಸೆಟ್ಸ್ ಕಾನೂನನ್ನು, ಫರ್ಬರ್ ತೀರ್ಪು ಬಂದ 1982ರಲ್ಲಿಯೇ ಗ್ಲೋಬ್ ಪತ್ರಿಕೆಯ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಸಾಕ್ಷಿ ಹೇಳುವ ಮಗುವಿನ ವಯಸ್ಸು, ಮನಸ್ಥಿತಿ, ಇಚ್ಛೆಗಳನ್ನು ನೋಡಿ ಆಯಾ ಪ್ರಕರಣದಲ್ಲಿ ನ್ಯಾಯಾಧೀಶರೇ ತೀರ್ಮಾನಿಸಬೇಕೆಂದು ಅದು ಹೇಳಿತು.

ಈಗಿರುವ ಕಾನೂನು ಏನು ಮಾಡುತ್ತಿದೆ ಎಂದು ವಿಚಾರಿಸಿ

ಹೊಸ ಕಲಮು ಬರುವ ಮೊದಲು ಹಳೆಯದು ಸಾಲದೆ ಹೋದದ್ದು ಎಲ್ಲಿ ಎಂಬುದನ್ನು ತೋರಿಸುವ ಹೊಣೆ ಮಸೂದೆ ತಂದವರದ್ದು. ಲೈಂಗಿಕ ಸಾಗಾಟವನ್ನು ತಡೆಯಲೆಂದು ಅಮೆರಿಕ 2018ರ ಏಪ್ರಿಲ್‌ನಲ್ಲಿ, ಬಳಕೆದಾರರು ಹಾಕಿದ ವಿಷಯಕ್ಕೆ ತಾಣಗಳನ್ನೂ ಹೊಣೆಯಾಗಿಸುವ ಫೋಸ್ಟಾ ಎಂಬ ಕಾನೂನನ್ನು ತಂದಿತು. ಅದರ ಮುಖ್ಯ ಗುರಿಯೆಂದು ಹೇಳಲಾಗುತ್ತಿದ್ದ ಬ್ಯಾಕ್‌ಪೇಜ್ ಎಂಬ ಜಾಹೀರಾತು ತಾಣವನ್ನು, ಕಾನೂನಿಗೆ ಸಹಿ ಬೀಳುವ ಕೆಲವು ದಿನ ಮೊದಲೇ, ಹಳೆಯ ಕಾನೂನುಗಳ ಬಲದಿಂದಲೇ ವಶಪಡಿಸಿಕೊಳ್ಳಲಾಗಿತ್ತು. ಹೊಸ ಕಾನೂನಿನ ಅಪರಾಧ ಕಲಮನ್ನು ಮೂರು ವರ್ಷಗಳಲ್ಲಿ ಬಳಸಿದ್ದು ತೀರ ವಿರಳವೆಂದು ಆ ದೇಶದ ಲೆಕ್ಕಪರಿಶೋಧನಾ ಸಂಸ್ಥೆ 2021ರಲ್ಲಿ ವರದಿ ಮಾಡಿತು. ಕಾನೂನಿಗೆ ಸಹಿ ಬೀಳುವ ಮೊದಲೇ ಕ್ರೇಗ್ಸ್‌ಲಿಸ್ಟ್ ಎಂಬ ಇನ್ನೊಂದು ಜಾಹೀರಾತು ತಾಣ ಹೊಣೆಯ ಭಯದಿಂದ, ಜನ ಸಂಗಾತಿಗಳನ್ನು ಹುಡುಕುತ್ತಿದ್ದ ತನ್ನ ಖಾಸಗಿ ಜಾಹೀರಾತುಗಳ ವಿಭಾಗವನ್ನೇ ಮುಚ್ಚಿತ್ತು. ಇದಕ್ಕೆ ತದ್ವಿರುದ್ಧ ಮಾದರಿ ಅಮೆರಿಕದ ಸುಪ್ರೀಂ ಕೋರ್ಟಿನ 2017ರ ಪ್ಯಾಕಿಂಗ್‌ಹ್ಯಾಮ್ ತೀರ್ಪಿನಲ್ಲಿದೆ. ಮಕ್ಕಳೂ ಸದಸ್ಯರಾಗಬಹುದಾದ ಯಾವ ಸಾಮಾಜಿಕ ಜಾಲತಾಣವನ್ನೂ ಲೈಂಗಿಕ ಅಪರಾಧಿಗಳು ಬಳಸಬಾರದೆಂಬ ನಾರ್ತ್ ಕ್ಯಾರೊಲೈನಾದ ಕಾನೂನು ಅತಿ ವಿಶಾಲವೆಂದು ಬಿದ್ದುಹೋಯಿತು, ಆದರೆ ಅವರು ಅಪ್ರಾಪ್ತರನ್ನು ಸಂಪರ್ಕಿಸುವುದನ್ನು ನಿರ್ದಿಷ್ಟವಾಗಿ ನಿಷೇಧಿಸಬಹುದೆಂದು ನ್ಯಾಯಾಲಯವೇ ದಾರಿ ತೋರಿತು. ಕರಡಿನಲ್ಲಿ ಮೂರು ವರ್ಷಗಳ ಬಳಿಕ ಕಡ್ಡಾಯ ಮರುಪರಿಶೀಲನೆಯ ಕಲಮು ಇರಲಿ ಎಂದು ಕೇಳಲು ಇವೆರಡೂ ಉದಾಹರಣೆ ಸಾಕು.

ಪತ್ರ ಬರೆಯುವಾಗ

ಒಂದು ಕಲಮಿಗೆ ಒಂದು ಪರಿಚ್ಛೇದ ಮೀಸಲಿಡಿ. ಕಲಮಿನ ಸಂಖ್ಯೆ, ಅದರ ಮೂಲ ಪದಗಳು, ಅದು ಕಾಪಾಡುವ ಮಗು ಯಾರು, ಅದು ಅನಗತ್ಯವಾಗಿ ಬಾಯಿ ಮುಚ್ಚಿಸುವವರು ಯಾರು, ಅದರ ಬದಲಿಗೆ ನೀವು ಸೂಚಿಸುವ ಪದಗಳು ಯಾವುವು ಎಂಬ ಕ್ರಮ ಇಟ್ಟುಕೊಂಡರೆ, ಓದುವ ಅಧಿಕಾರಿಗೆ ನಿಮ್ಮ ಪಠ್ಯವನ್ನು ನೇರವಾಗಿ ಕರಡಿಗೆ ಸೇರಿಸಲು ಸಾಧ್ಯವಾಗುತ್ತದೆ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 19ನೇ ವಿಧಿ ಒಪ್ಪುವ ಅಳತೆಯನ್ನು, ಅಂದರೆ ನಿರ್ಬಂಧ ಕಾನೂನಿನಲ್ಲಿ ಸ್ಪಷ್ಟವಾಗಿ ಇರಬೇಕು ಮತ್ತು ನಿಜಕ್ಕೂ ಅಗತ್ಯವಾಗಿರಬೇಕು ಎಂಬುದನ್ನು, ಪ್ರತಿ ಆಕ್ಷೇಪಕ್ಕೂ ಆಧಾರವಾಗಿ ಬಳಸಿ. ಬೆಂಬಲಿಸುವ ಕಲಮುಗಳನ್ನು ಪತ್ರದ ಆರಂಭದಲ್ಲಿಯೇ ಹೆಸರಿಸಿ. ಆಕ್ಷೇಪ ಮಾತ್ರ ಇರುವ ಪತ್ರವನ್ನು ವಿರೋಧಿಗಳ ಕಡತಕ್ಕೆ ಸೇರಿಸುವುದು ಬಹಳ ಸುಲಭ.

ಕೊನೆಯದಾಗಿ ಒಂದು ಎಚ್ಚರಿಕೆ. ಸಮಸ್ಯೆ ಎಷ್ಟು ದೊಡ್ಡದೆಂದು ತೋರಿಸಲು ದೌರ್ಜನ್ಯದ ಯಾವುದೇ ಚಿತ್ರವನ್ನಾಗಲಿ ಅದರ ಸ್ಕ್ರೀನ್‌ಶಾಟನ್ನಾಗಲಿ ಹುಡುಕಬೇಡಿ, ಉಳಿಸಿಕೊಳ್ಳಬೇಡಿ, ಪತ್ರದೊಂದಿಗೆ ಲಗತ್ತಿಸಬೇಡಿ. ಉದ್ದೇಶ ಒಳ್ಳೆಯದಾಗಿದ್ದರೂ ಬಹುತೇಕ ದೇಶಗಳಲ್ಲಿ ಅದು ಅಪರಾಧವಾಗಬಹುದು, ಮತ್ತು ಆ ಮಗುವಿಗೆ ಅದು ಮತ್ತೊಂದು ಹಾನಿ. ಅಕಸ್ಮಾತ್ ಕಣ್ಣಿಗೆ ಬಿದ್ದರೆ ಪುಟದ ವಿಳಾಸ ಮತ್ತು ನೋಡಿದ ಸಮಯವನ್ನು ಮಾತ್ರ ಬರೆದುಕೊಂಡು ನಿಮ್ಮ ದೇಶದ ಅಧಿಕೃತ ದೂರು ಕೇಂದ್ರಕ್ಕೋ ಪೊಲೀಸರಿಗೋ ತಕ್ಷಣ ತಿಳಿಸಿ. ಮಸೂದೆಯ ಮೇಲಿನ ಪತ್ರದಲ್ಲಿ, ದೂರು ಕೊಟ್ಟ ಮೇಲೆ ಉತ್ತರ ಬರಲು ಎಷ್ಟು ಕಾಲ ಹಿಡಿಯಿತು ಎಂಬುದನ್ನಷ್ಟೇ ದಾಖಲಿಸಿ.